ಪೇರಿಂಗ್ ಉಳಿಗೆ ಕೊಡತಿಯ ಏಟೂ ಬೇಡ, ಗ್ರೈಂಡರಿನ ಬಿಸಿಯೂ ಬೇಡ

ಮಾನ್ಯ ಸಂಪಾದಕರೇ,

ಕೈಗೆಲಸದ ಮರಗೆಲಸ ಕಲಿಯುವವರು ಹೆಚ್ಚುತ್ತಿದ್ದಾರೆ, ಹಳೆಯ ಉಳಿಗಳನ್ನು ಹುಡುಕಿ ತರುವವರೂ ಹೆಚ್ಚುತ್ತಿದ್ದಾರೆ. ಸಂತೋಷದ ವಿಷಯವೇ. ಆದರೆ ತಂದ ಉಳಿಗೆ ಆಗುವ ಉಪಚಾರ ನೋಡಿದರೆ ಅಯ್ಯೋ ಅನಿಸುತ್ತದೆ. ತಂತಿ ಬ್ರಷ್ಷಿನಲ್ಲಿ ತಿಕ್ಕುವುದು, ಗ್ರೈಂಡರಿಗೆ (ಸಾಣೆಚಕ್ರಕ್ಕೆ) ಕೊಟ್ಟು ಹೊಸ ಬಾಯಿ (ಕತ್ತರಿಸುವ ಅಂಚು) ಬರಿಸುವುದು, ಬೆನ್ನನ್ನು (ಅಲಗಿನ ಚಪ್ಪಟೆ ಮುಖವನ್ನು) ಕನ್ನಡಿಯ ಹಾಗೆ ಹೊಳೆಯುವವರೆಗೆ ಉಜ್ಜುವುದು, ಕೊನೆಗೆ ಕೊಡತಿಯಲ್ಲಿ ನಾಲ್ಕು ಬಡಿದು ಪರೀಕ್ಷೆ ಮಾಡುವುದು. ದಪ್ಪ ಉಳಿ ಇದನ್ನೆಲ್ಲ ಹೇಗೋ ತಾಳಿಕೊಳ್ಳುತ್ತದೆ. ತೆಳ್ಳಗಿನ ಹಳೆಯ ಪೇರಿಂಗ್ ಉಳಿ ತಾಳುವುದಿಲ್ಲ. ಅದು ಬಡಿಯುವ ಉಳಿಯಲ್ಲ, ಹೆರೆಯುವ ಉಳಿ. ಈ ವ್ಯತ್ಯಾಸ ಗೊತ್ತಿಲ್ಲದೆ ಹಾಳಾಗುತ್ತಿರುವ ಉಳಿಗಳ ಪರವಾಗಿ ಈ ಪತ್ರ.

ಮೊದಲು ಸಾಮಾನನ್ನು ಗುರುತಿಸುವುದು ಹೇಗೆಂದು ನೋಡೋಣ. ಬಡಿಯುವ ಸಾಧಾರಣ ಉಳಿಯ ಅಲಗು ಹೊಸದರಲ್ಲಿ 100ರಿಂದ 150 ಮಿ.ಮೀ. ಉದ್ದ ಇರುತ್ತದೆ. ಪೇರಿಂಗ್ ಉಳಿಯ ಅಲಗು 200 ಮಿ.ಮೀ. ದಾಟುತ್ತದೆ, 250ರವರೆಗೂ ಹೋಗುವುದುಂಟು. ದಪ್ಪ ಮಾತ್ರ ಸುಮಾರು 3 ಮಿ.ಮೀ. ಎರಡೂ ಪಕ್ಕಗಳನ್ನು ಓರೆಯಾಗಿ ಇಳಿಸಿರುತ್ತಾರೆ, ಒಳ್ಳೆಯ ಉಳಿಗಳಲ್ಲಿ ಪಕ್ಕದ ನೆಟ್ಟಗಿನ ಗೋಡೆ 1 ಮಿ.ಮೀ.ಗಿಂತ ಕಡಿಮೆ ಉಳಿದಿರುತ್ತದೆ. ಹಿಡಿಯೊಳಗೆ ಹೊಗುವ ಚೂಪು ಬಾಲ, ಅದರ ಬುಡದಲ್ಲಿ ಗಂಟು, ಬಾಕ್ಸ್‌ವುಡ್ ಅಥವಾ ಬೀಚ್ ಮರದ ಹಿಡಿ. ಹಿಡಿಯ ತಲೆಗೆ ಕಬ್ಬಿಣದ ಬಳೆ ಇರುವುದಿಲ್ಲ. ಬಳೆ ಇಲ್ಲದಿರುವುದೇ ಸೂಚನೆ: ಇಲ್ಲಿ ಹೊಡೆಯುವಂತಿಲ್ಲ.

ಹಳೆಯವುಗಳಲ್ಲಿ ಬಹುಪಾಲು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ತಯಾರಾದವು. ವಿಲಿಯಂ ಮಾರ್ಪಲ್ಸ್, ವಾರ್ಡ್ ಅಂಡ್ ಪೇನ್, ರಾಬರ್ಟ್ ಸಾರ್ಬಿ ಮುಂತಾದ ಮುದ್ರೆಗಳು ಅಲಗಿನ ಬುಡದಲ್ಲಿ ಕಾಣುತ್ತವೆ, ಜೊತೆಗೆ ಹಲವು ಸಲ ‘ಕಾಸ್ಟ್ ಸ್ಟೀಲ್’ ಎಂಬ ಒತ್ತು. ಇದನ್ನು ಬೀಡುಕಬ್ಬಿಣ ಎಂದುಕೊಂಡು ಬಿಟ್ಟುಬರುವವರಿದ್ದಾರೆ. ಅದು ಮೂಸೆಯಲ್ಲಿ ಕರಗಿಸಿ ಎರಕ ಹೊಯ್ದ ಉಕ್ಕು. ಗಡಿಯಾರ ಮಾಡುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಶೆಫೀಲ್ಡ್ ಬಳಿ ಈ ವಿಧಾನ ಕಂಡುಕೊಂಡದ್ದು, ಮುಖ್ಯವಾಗಿ ಒಳ್ಳೆಯ ಸ್ಪ್ರಿಂಗ್ ಬೇಕೆಂದು. ಮರಗೆಲಸದ ಉಳಿಗೆ ಅದು ಹೇಳಿ ಮಾಡಿಸಿದಂತೆ ಒಗ್ಗಿತು. ಇನ್ನೂ ಹಳೆಯ ಉಳಿಗಳಲ್ಲಿ ಮೆದು ಕಬ್ಬಿಣದ ಮೈಗೆ, ಬೆನ್ನಿನ ಕಡೆ, ಈ ಉಕ್ಕಿನ ತೆಳು ಪದರವನ್ನು ಬೆಸೆದಿರುತ್ತಾರೆ. ಬಾಯಿಯ ಓರೆಯನ್ನು, ಅಂದರೆ ಬೆನ್ನಿನ ಎದುರು ಬಾಯಿಗೆ ಇಳಿಯುವ ಇಳಿಜಾರನ್ನು, ನಯವಾಗಿ ಮಸೆದು ಬೆಳಕಿಗೆ ಹಿಡಿದರೆ ಎರಡು ಬಣ್ಣಗಳು ಸೇರುವ ಗೆರೆ ಕಾಣುತ್ತದೆ.

ಇಷ್ಟು ಉದ್ದ, ಇಷ್ಟು ತೆಳು ಯಾಕೆ? ಎರಕದ ಕಾರ್ಖಾನೆಗಳಿಗೆ ಮರದ ಅಚ್ಚು ಮಾಡುವ ಪ್ಯಾಟರ್ನ್‌ಮೇಕರುಗಳು ಆಳದ ಪೆಟ್ಟಿಗೆಗಳೊಳಗೆ ಕೈ ಹಾಕಿ ಹೆರೆಯಬೇಕಿತ್ತು, ಉದ್ದ ಅವರಿಗೆ ಬೇಕೇಬೇಕಾಗಿತ್ತು. ಪೀಠೋಪಕರಣ ಮಾಡುವವರಿಗೆ ಉದ್ದದ ಲಾಭವೇ ಬೇರೆ. ಉಳಿಯ ಬಾಯಿ ಮರದ ಮೇಲೆ ಕೂತಿರುವಾಗ ಹಿಡಿಯ ತುದಿಯಲ್ಲಿ ಕೈ 2 ಮಿ.ಮೀ. ಮೇಲೆದ್ದಿತು ಎನ್ನಿ. ಒಟ್ಟು ಉದ್ದ 240 ಮಿ.ಮೀ. ಇರುವ ಉಳಿ ಸುಮಾರು ಅರ್ಧ ಡಿಗ್ರಿ ತಿರುಗುತ್ತದೆ. 400 ಮಿ.ಮೀ. ಉಳಿ ತಿರುಗುವುದು 0.3 ಡಿಗ್ರಿಯೊಳಗೆ. ಅದೇ ಕೈ, ಅದೇ ನಡುಕ, ತಪ್ಪು ಮಾತ್ರ ಅರ್ಧಕ್ಕಿಂತ ಸ್ವಲ್ಪ ಮೇಲೆ.

ತೆಳುವಿನ ಲೆಕ್ಕ ಡವ್‌ಟೇಲ್ ಕೂಡಿಕೆಯ (ಪಾರಿವಾಳದ ಬಾಲದಂತೆ ಅಗಲವಾಗುವ ಹಲ್ಲುಗಳ ಜೋಡಣೆಯ) ಮೂಲೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿನ ಗೋಡೆ ನೆಲದ ಮೇಲೆ ಬಾಗಿ ನಿಂತಿರುತ್ತದೆ, ಸಾಮಾನ್ಯವಾಗಿ ಏಳಕ್ಕೆ ಒಂದರ ಓರೆ. ಉಳಿಯ ಪಕ್ಕದ ಗೋಡೆ 3 ಮಿ.ಮೀ. ಎತ್ತರವಿದ್ದರೆ ಅದರ ಮೇಲಂಚು ಮೊದಲು ಮರಕ್ಕೆ ತಾಗಿ ನಿಲ್ಲುತ್ತದೆ, ಬಾಯಿ ಮೂಲೆಯಿಂದ 0.43 ಮಿ.ಮೀ. ಹಿಂದೆಯೇ ಉಳಿಯುತ್ತದೆ. ಇನ್ನೂ ಒತ್ತಿದರೆ ಮರದ ಗೋಡೆ ಜಜ್ಜಿಹೋಗುತ್ತದೆ. ಪಕ್ಕದ ಗೋಡೆ 0.8 ಮಿ.ಮೀ. ಇದ್ದರೆ ಉಳಿಯುವ ಅಂತರ 0.11 ಮಿ.ಮೀ., ಅಂದರೆ ಒಂದು ಕಾಗದದಷ್ಟು. ಇಂದಿನ ಅಗ್ಗದ ಉಳಿಗಳು ಸೋಲುವುದು ಬಹುತೇಕ ಇಲ್ಲಿಯೇ. ಅವುಗಳ ಉಕ್ಕಿಗೆ ಬೈಯುವವರು ಜಾಸ್ತಿ. ಉಕ್ಕು ಪರವಾಗಿಲ್ಲ, ಆಕಾರ ಸರಿಯಿಲ್ಲ.

ಈಗ ಮುಖ್ಯ ಮಾತು. ಈ ಉಳಿಯಲ್ಲಿ ಬೆಲೆಬಾಳುವುದು ಬಾಯಲ್ಲ, ಬೆನ್ನು. ಬಾಯನ್ನು ಹತ್ತು ನಿಮಿಷದಲ್ಲಿ ಮತ್ತೆ ಬರಿಸಬಹುದು. ನೇರವಾದ ಬೆನ್ನು ಮತ್ತು ಮೂಲದ ದಪ್ಪ ಒಮ್ಮೆ ಹೋದರೆ ಹೋಯಿತು. ಪಟ್ಟಿಯ ಬಿಗುವು ಅದರ ದಪ್ಪದ ಘನಕ್ಕೆ ತಕ್ಕಂತೆ ಇರುತ್ತದೆ. 3 ಮಿ.ಮೀ. ಅಲಗನ್ನು ಉಜ್ಜಿ ಉಜ್ಜಿ 2.5 ಮಾಡಿದರೆ ಆರನೇ ಒಂದು ಭಾಗ ಲೋಹ ಹೋಯಿತು ಅಷ್ಟೇ ಎಂದುಕೊಳ್ಳುತ್ತೇವೆ. ಬಿಗುವಿನಲ್ಲಿ ಹೋದದ್ದು ನೂರಕ್ಕೆ 42. ಪದರದ ಉಳಿಯಾದರೆ ಇನ್ನೂ ಕಷ್ಟ, ಏಕೆಂದರೆ ನಾವು ಉಜ್ಜುತ್ತಿರುವ ಬೆನ್ನೇ ಆ ತೆಳು ಉಕ್ಕಿನ ಪದರ.

ಆದ್ದರಿಂದ ಕೊಳ್ಳುವ ಮುಂಚೆಯೇ ಬೆನ್ನು ನೋಡಬೇಕು. ಉಳಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಬಂದೂಕಿನ ನಳಿಗೆ ನೋಡುವಂತೆ ಉದ್ದಕ್ಕೆ ನೋಡಿ. ತಿರುಚಿದ್ದರೆ ಅಲ್ಲೇ ಕಾಣುತ್ತದೆ. ಆಮೇಲೆ ದಪ್ಪ ಗಾಜಿನ ಚೂರು ಸಿಕ್ಕರೆ ಅದರ ಮೇಲೆ ಬೆನ್ನು ಕೆಳಗಾಗಿ ಮಲಗಿಸಿ, ಹಿಡಿ ಗಾಜಿನಿಂದ ಹೊರಗಿರಲಿ, ಅಲಗಿನ ತುದಿಯನ್ನು ಬೆರಳಿನಿಂದ ಪಕ್ಕಕ್ಕೆ ಮೆಲ್ಲಗೆ ತಳ್ಳಿ. ಅಲಗು ನಟ್ಟನಡುವಿನಿಂದ ಬುಗುರಿಯಂತೆ ಸುತ್ತಿದರೆ ಬೆನ್ನಿಗೆ ಹೊಟ್ಟೆ ಬಂದಿದೆ ಎಂದರ್ಥ. ಅಂಥದ್ದನ್ನು ಬಿಟ್ಟುಬಿಡಿ. ತಿರುಗುವ ಬಿಂದು ಯಾವುದಾದರೊಂದು ತುದಿಯ ಕಡೆ ಇದ್ದರೆ ಬೆನ್ನು ನೇರವಿದೆ ಅಥವಾ ಉದ್ದಕ್ಕೆ ಸ್ವಲ್ಪ ತಗ್ಗಿದೆ. ಕೂದಲೆಳೆಯಷ್ಟು ತಗ್ಗು ಇದ್ದರೆ ದೋಷವಲ್ಲ, ಕೆಲಸಕ್ಕೆ ಅನುಕೂಲವೇ. ಉಬ್ಬು ಮಾತ್ರ ಯಾವ ಪ್ರಮಾಣದಲ್ಲೂ ಬೇಡ. ಉಬ್ಬಿದ ಬೆನ್ನು ಮರದ ಮೇಲೆ ತೂಗಾಡುತ್ತದೆ, ಬಾಯಿ ಎಲ್ಲಿದೆ ಎಂದು ಕೈಗೆ ಗೊತ್ತಾಗುವುದೇ ಇಲ್ಲ.

ಉಕ್ಕಿನ ಹದ, ಅಂದರೆ ಗಡಸುತನ, ಪರೀಕ್ಷಿಸಲು ಸಣ್ಣ ಅರ ಸಾಕು. ಬಾಯಿಯ ಹತ್ತಿರ, ಪಕ್ಕದ ಅಂಚಿಗೆ ಅರವನ್ನು ಹಗುರವಾಗಿ ಎಳೆದರೆ ಜಾರಬೇಕು. ಬುಡದ ಗಂಟಿನ ಹತ್ತಿರ ಕಚ್ಚಬೇಕು. ಬಾಯಿಯ ಹತ್ತಿರವೂ ಕಚ್ಚಿದರೆ ಯಾರೋ ಸುಟ್ಟು ಹದ ಕಳೆದಿದ್ದಾರೆ, ಇಲ್ಲವೇ ಮಸೆದು ಮಸೆದು ಹದಗೊಳಿಸಿದ ಭಾಗವೇ ಮುಗಿದಿದೆ. ತುಕ್ಕಿನ ವಿಷಯದಲ್ಲಿ ಎಲ್ಲಿ ತುಕ್ಕು ಎನ್ನುವುದೇ ಪ್ರಶ್ನೆ. ಬೆನ್ನಿನ ಎದುರಿನ ಮೇಲ್ಮುಖದ ಗುಳಿಗಳಿಂದ ಏನೂ ಆಗದು. ಬೆನ್ನಿನಲ್ಲಿ, ಬಾಯಿಯಿಂದ 30 ಮಿ.ಮೀ. ಒಳಗೆ ಗುಳಿ ಇದ್ದರೆ, ಮಸೆಯುತ್ತ ಹೋದಂತೆ ಅದು ಒಂದು ದಿನ ಬಾಯಿಗೆ ಬಂದು ಹಲ್ಲಿನಂತೆ ಮುರಿಯುತ್ತದೆ, ಮರದ ಮೇಲೆ ಗೀರು ಬಿಡುತ್ತದೆ.

ಇನ್ನು ಬೆನ್ನನ್ನು ಸಮ ಮಾಡುವ ಕೆಲಸ. ಸೀಮೆಎಣ್ಣೆ ಮತ್ತು ನಯವಾದ ಎಮರಿ ಕಾಗದದಿಂದ ತುಕ್ಕು ಒರೆಸಿ, ಬೆನ್ನಿನ ಮುಂದಿನ 40 ಮಿ.ಮೀ.ಗೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಹಾಕಿ. ಸಮತಟ್ಟಾದ 1000 ನಂಬರ್ ಕಲ್ಲಿನ ಮೇಲೆ ಐದಾರು ಸಲ ಮಾತ್ರ ಎಳೆದು ನೋಡಿ. ಬಾಯಿಯ ಅಂಚಿನಲ್ಲಿ ಶಾಯಿ ಅಳಿಸಿದ್ದರೆ ಕೆಲಸ ಬಹುಪಾಲು ಮುಗಿದಂತೆ. ಹಿಂದೆ ನಡುವಿನಲ್ಲಿ ಶಾಯಿ ಉಳಿದಿದ್ದರೆ ಉಳಿಯಲಿ. ಪಾಲಿಶ್ ಬೇಕಾಗಿರುವುದು ಬಾಯಿಗೆ ಹತ್ತಿದ ಕೆಲವು ಮಿ.ಮೀ.ಗೆ, ಉಳಿದ ಬೆನ್ನು ನೇರವಾಗಿದ್ದರೆ ಸಾಕು, ಹೊಳೆಯಬೇಕಿಲ್ಲ. ಕಪ್ಪು ಕಲೆ ಕಂಡರೆ ಕೈ ತಡೆಯದವರು ಗಮನಿಸಬೇಕಾದ ಮಾತಿದು.

ತೆಳು ಅಲಗಿನಲ್ಲಿ ಎಲ್ಲರೂ ಮಾಡುವ ತಪ್ಪು ಒತ್ತುವ ಜಾಗದಲ್ಲಿದೆ. ಅಲಗಿನ ನಡುವೆ ಬೆರಳಿಟ್ಟು ಒತ್ತಿದರೆ ಅಲಗು ಬಗ್ಗುತ್ತದೆ, ಕಲ್ಲು ನಡುವನ್ನು ತಿನ್ನುತ್ತದೆ, ಬಾಯಿ ಕಲ್ಲಿಗೆ ತಾಗುವುದೇ ಇಲ್ಲ. ಗಂಟೆಗಟ್ಟಲೆ ಉಜ್ಜಿದರೂ ಬಾಯಿಗೆ ಹೊಳಪು ಬರಲಿಲ್ಲ ಎಂಬ ದೂರಿನ ಮೂಲ ಇದೇ. ಎರಡು ಬೆರಳು ಬಾಯಿಯಿಂದ 25 ಮಿ.ಮೀ. ಒಳಗೇ ಇರಲಿ. ಇನ್ನೊಂದು ಕೈ ಹಿಡಿಯನ್ನು ಕೆಳಗಿನಿಂದ ಬರೀ ಆನಿಸಿಕೊಂಡಿರಲಿ, ಎತ್ತಲೂಬಾರದು, ಇಳಿಬಿಡಲೂಬಾರದು. ಇಳಿಬಿಟ್ಟರೆ ಕಲ್ಲಿನ ಅಂಚು ಬೆನ್ನಿನಲ್ಲಿ ಅಡ್ಡಗೆರೆ ಕೊರೆಯುತ್ತದೆ. ಎತ್ತಿದರೆ ಬಾಯಿಯ ಹತ್ತಿರ ಬೆನ್ನು ದುಂಡಗಾಗುತ್ತದೆ. ದುಂಡಗಾದದ್ದು ಹೇಗೆ ತಿಳಿಯುತ್ತದೆ? ಕಿಟಕಿಯ ಬೆಳಕನ್ನು ಬೆನ್ನಿನಲ್ಲಿ ಹಿಡಿದು ಉಳಿಯನ್ನು ನಿಧಾನವಾಗಿ ತಿರುಗಿಸಿ. ಬೆಳಕು ಒಂದೇ ಸಲ ಬಾಯಿಯವರೆಗೆ ಹರಿಯಬೇಕು. ಅಂಚಿನಲ್ಲೊಂದು ಸಣ್ಣ ಪಟ್ಟಿ ಬೇರೆಯಾಗಿ, ತಡವಾಗಿ ಮಿಂಚಿದರೆ ದುಂಡಗಾಗಿದೆ.

ಹೀಗೆ 1 ಮಿ.ಮೀ. ದುಂಡಗಾಗಿದ್ದರೆ, ಅಥವಾ ಬಾಯಿಯಿಂದ 2 ಮಿ.ಮೀ. ಹಿಂದೆ ಒಂದು ಗುಳಿ ಇದ್ದರೆ, ಇಡೀ ಬೆನ್ನನ್ನು ಆ ಆಳಕ್ಕೆ ಇಳಿಸಲು ಹೋಗಬೇಡಿ. ಓರೆಯ ಕಡೆಯಿಂದ ಮಸೆದು ಉಳಿಯನ್ನೇ 1 ಅಥವಾ 2 ಮಿ.ಮೀ. ಗಿಡ್ಡ ಮಾಡಿ. ಈ ಉಳಿಯಲ್ಲಿ ಉದ್ದ ಬೇಕಾದಷ್ಟಿದೆ, ದಪ್ಪ ಇಲ್ಲ. ಇನ್ನೊಂದು ಮಾತು: ಅರ್ಧ ಮಿ.ಮೀ. ಸ್ಟೀಲ್ ಪಟ್ಟಿಯನ್ನು ಕಲ್ಲಿನ ಮೇಲಿಟ್ಟು ಬೆನ್ನನ್ನು ತುಸು ಎತ್ತಿ ಮಸೆಯುವ ಉಪಾಯ ಹತ್ತರಿಯ (ಹಲಗೆ ನಯ ಮಾಡುವ ಸಾಧನದ) ಅಲಗಿಗೆ ಸರಿ, ಪೇರಿಂಗ್ ಉಳಿಗೆ ಕೂಡದು. ಹಾಗೆ ಮಸೆದ ಉಳಿ ಬೆನ್ನಿನ ಮೇಲೆ ಕೂತಾಗ ಬಾಯಿ ಮರದಿಂದ ಎದ್ದಿರುತ್ತದೆ. ಕತ್ತರಿಸಬೇಕೆಂದರೆ ಹಿಡಿ ಎತ್ತಬೇಕು, ಎತ್ತಿದ ಕ್ಷಣ ಬೆನ್ನಿನ ಆಸರೆ ತಪ್ಪಿತು.

ಗ್ರೈಂಡರಿನ ಬಗ್ಗೆ ಒಂದು ಮಾತು. ಹಳೆಯ ಇಂಗಾಲದ ಉಕ್ಕು ಸುಮಾರು 220–230 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆಳು ಒಣಹುಲ್ಲಿನ ಬಣ್ಣಕ್ಕೆ ಬರುತ್ತದೆ, 300ರ ಹತ್ತಿರ ನೀಲಿ. ನೀಲಿ ಕಂಡರೆ ಅಲ್ಲಿ ಹದ ಹೋಯಿತು. ದಪ್ಪ ಉಳಿಯಲ್ಲಿ ಬಿಸಿಯನ್ನು ಎಳೆದುಕೊಳ್ಳಲು ಹಿಂದೆ ಲೋಹ ಇರುತ್ತದೆ, ಇಲ್ಲಿ ಇರುವುದಿಲ್ಲ. ವೇಗದ ಚಕ್ರದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಾಯಿ ನೀಲಿಯಾಗುತ್ತದೆ. ನೀಲಿಯಾದ ಮೇಲೆ ನೀರಿಗೆ ಅದ್ದಿದರೆ ಹದ ಮರಳಿ ಬರುವುದಿಲ್ಲ. ನೀಲಿ ಭಾಗವನ್ನು ತಣ್ಣಗೆ, ಕಲ್ಲಿನ ಮೇಲೇ ಪೂರ್ತಿ ಮಸೆದು ತೆಗೆಯಬೇಕು. ಗ್ರೈಂಡರ್ ಬಿಟ್ಟು ಆಗುವುದೇ ಇಲ್ಲ ಎನ್ನುವವರು ಬರಿಗೈ ಬೆರಳನ್ನು ಬಾಯಿಯ ಹಿಂದೆ ಹತ್ತಿರದಲ್ಲೇ ಇಟ್ಟುಕೊಳ್ಳಲಿ. ಬೆರಳಿಗೆ ಬೆಚ್ಚಗಾದರೆ ನೀರಿಗೆ ಅದ್ದಲಿ, ಬಣ್ಣ ಬರುವುದನ್ನು ಕಾಯಬಾರದು. ಆದರೂ 3 ಮಿ.ಮೀ. ಅಲಗಿನಲ್ಲಿ ಓರೆ ಎಷ್ಟು ಮಹಾ ದೊಡ್ಡದು? ಒರಟು ಕಲ್ಲಿನಲ್ಲಿ ಕೈಯಿಂದಲೇ ಆಗುವ ಕೆಲಸ.

ಕೋನ: ಮೆದು ಮರಕ್ಕೆ 20 ಡಿಗ್ರಿ, ಗಟ್ಟಿ ಮರಕ್ಕೆ 25. 20ಕ್ಕಿಂತ ಇಳಿಸಿದರೆ ಬಾಯಿ ಮಡಚಿಕೊಳ್ಳುತ್ತದೆ ಅಥವಾ ಪುಡಿ ಉದುರುತ್ತದೆ. 30 ಮಾಡಿದರೆ ಬಾಯಿ ಬಾಳಿಕೆ ಬರುತ್ತದೆ, ಆದರೆ ತಳ್ಳಲು ಬಲ ಹೆಚ್ಚು ಬೇಕು. ಬಲ ಹೆಚ್ಚಿದಲ್ಲಿ ಹತೋಟಿ ಕಡಿಮೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಬಾಯಿ ಬೇಗ ಮೊಂಡಾಗುತ್ತದೆ, ಅಲ್ಲಿ ಕೋನ ಏರಿಸುವುದಕ್ಕಿಂತ ಪದೇ ಪದೇ ಮಸೆಯುವುದೇ ವಾಸಿ. ಮಸೆಯುವಾಗ ಕೋನ ಕಾಯಲು ಅಲಗನ್ನು ಪಕ್ಕದಿಂದ ಹಿಡಿಯುವ ಹೋನಿಂಗ್ ಗೈಡಿನಲ್ಲಿ ಬಾಯಿ 40 ಮಿ.ಮೀ. ಹೊರಚಾಚಿದರೆ ಸುಮಾರು 25 ಡಿಗ್ರಿ ಬರುತ್ತದೆ, ಆದರೆ ಪಕ್ಕ ಇಷ್ಟು ತೆಳುವಾದ ಅಲಗು ಆ ದವಡೆಯಲ್ಲಿ ಜಾರಿ ಓರೆಯಾಗುವುದೇ ಹೆಚ್ಚು. ಕೈಯಲ್ಲೇ ಮಸೆಯುವುದನ್ನು ರೂಢಿ ಮಾಡಿಕೊಳ್ಳಿ. 1000, 4000, 8000 ನಂಬರಿನ ಕಲ್ಲುಗಳು, ಒಂದಕ್ಕಿಂತ ಒಂದು ನಯ. ಕೊನೆಯ ಕಲ್ಲಿನಲ್ಲಿ ಓರೆಗೆ ನಾಲ್ಕೈದು ಎಳೆತ, ಬೆನ್ನಿಗೆ ಒಂದೆರಡು, ಮಸೆದಾಗ ಅಂಚಿನಲ್ಲಿ ಏಳುವ ತಂತಿಯಂಥ ಎಳೆ ಉದುರುವಷ್ಟು. ಚರ್ಮದ ಮೇಲೆ ಎಳೆಯುವುದಿದ್ದರೆ ಗಟ್ಟಿ ಹಲಗೆಗೆ ಅಂಟಿಸಿದ ತೆಳು ಚರ್ಮವೇ ಆಗಬೇಕು. ಮೆತ್ತನೆಯದು ಬಾಯನ್ನು ದುಂಡಗೆ ಮಾಡುತ್ತದೆ. ಪರೀಕ್ಷೆ ಸುಲಭ: ಪೈನ್ ಮರದ ಅಡ್ಡ ಕೊಯ್ದ ತುದಿಯನ್ನು ಹೆರೆಯಿರಿ. ಮೇಲ್ಮೈ ಮೇಣ ಹಚ್ಚಿದಂತೆ ಬಂದರೆ ಸರಿ. ಬಿಳಿ ಪುಡಿಪುಡಿಯಾಗಿ, ನಾರು ಕುಸಿದಂತೆ ಕಂಡರೆ ಕಲ್ಲಿಗೆ ವಾಪಸ್.

ಉಳಿಯ ಪಕ್ಕದ ಅಂಚುಗಳು ಬೆರಳು ಕುಯ್ಯುವಷ್ಟು ಹರಿತವಿರುತ್ತವೆ, ಅದೂ ಬೆರಳಿಡುವ ಜಾಗದಲ್ಲೇ. ಬಾಯಿಯ ಹತ್ತಿರದ 10–15 ಮಿ.ಮೀ. ಬಿಟ್ಟು ಉಳಿದ ಉದ್ದಕ್ಕೆ ನಯವಾದ ಕಲ್ಲನ್ನು ಒಂದೆರಡು ಸಲ ಸವರಿ.

ಬಳಸುವ ರೀತಿ. ಒಂದು ಕೈಯ ಅಂಗೈಯಲ್ಲಿ ಹಿಡಿಯ ತಲೆ, ಮೊಣಕೈ ಪಕ್ಕೆಗೆ ತಾಗಿ ನಿಂತಿರಲಿ. ತಳ್ಳುವುದು ತೋಳಲ್ಲ, ಮೈ: ಒಂದು ಕಾಲು ಮುಂದಿಟ್ಟು ತೂಕವನ್ನು ಹಿಂದಿನಿಂದ ಮುಂದಕ್ಕೆ ಸರಿಸಿದರೆ ಉಳಿ ತಾನೇ ಹೋಗುತ್ತದೆ. ಇನ್ನೊಂದು ಕೈಯ ಹೆಬ್ಬೆರಳು ಅಲಗಿನ ಮೇಲೆ, ತೋರುಬೆರಳು ಮಡಚಿ ಕೆಳಗೆ, ಆ ಬೆರಳಿನ ಗೆಣ್ಣು ಮರದ ಅಂಚಿಗೆ ಒತ್ತಿರಲಿ. ಈ ಕೈಯೇ ಬ್ರೇಕು. ಮರ ವೈಸಿನಲ್ಲಿರಬೇಕು, ಎರಡೂ ಕೈ ಬಾಯಿಯ ಹಿಂದೆ ಇರಬೇಕು. ಮರವನ್ನು ಒಂದು ಕೈಯಲ್ಲಿ ಹಿಡಿದು ಅದರ ಕಡೆಗೇ ಉಳಿ ತಳ್ಳುವವರ ಅಂಗೈಗೆ ಹೊಲಿಗೆ ತಪ್ಪಿದ್ದಲ್ಲ.

ಬಾಗಿಲ ಹಿಂಜಿಗೆ ಗೂಡು ಹೆರೆಯುವುದನ್ನು ನೋಡಿ. ಆಳ 2.5 ಮಿ.ಮೀ. ಎಂದಿಟ್ಟುಕೊಳ್ಳೋಣ. ಚಾಕುವಿನಿಂದ ಗಡಿಗೆರೆ, ಮಾರ್ಕಿಂಗ್ ಗೇಜಿನಿಂದ (ಅಂಚಿನಿಂದ ಒಂದೇ ದೂರದಲ್ಲಿ ಗೆರೆ ಎಳೆಯುವ ಸಾಧನ) ಆಳದ ಗೆರೆ. ಸಾಧಾರಣ ಉಳಿಯಿಂದ ಕಚ್ಚು ಹೊಡೆದು, ಆಳದ ಗೆರೆಗಿಂತ ಅರ್ಧ ಮಿ.ಮೀ. ಮೇಲೆ ನಿಲ್ಲಿಸಿ ಚಕ್ಕೆ ತೆಗೆಯಿರಿ. ಇಲ್ಲಿಂದ ಪೇರಿಂಗ್ ಉಳಿ. ಮೊದಲೇ ಒಳಗಿನವರೆಗೆ ತಳ್ಳಲು ಹೋದರೆ ಬೆನ್ನಿಗೆ ಕೂರಲು ನೆಲವೇ ಇಲ್ಲ, ಬಾಯಿ ಮರದ ನಾರು ಕರೆದೊಯ್ದ ಕಡೆ ಹೋಗುತ್ತದೆ, ಹಿಂದಿನ ಮೂಲೆಯಲ್ಲಿ ಗುಂಡಿ ಬೀಳುತ್ತದೆ. ಆದ್ದರಿಂದ ತೆರೆದ ಅಂಚಿನಲ್ಲಿ ಗೇಜಿನ ಗೆರೆಗೆ ಬಾಯಿ ಕೂರಿಸಿ, 5–6 ಮಿ.ಮೀ. ಅಗಲದ ಒಂದು ಜಗಲಿ ಮಾಡಿ. ಆ ಜಗಲಿಯ ಮೇಲೆ ಬೆನ್ನು ಒತ್ತಿ, ಉಳಿಯನ್ನು ಸ್ವಲ್ಪ ಪಕ್ಕಕ್ಕೆ ಜಾರಿಸುತ್ತ ಮುಂದಿನ 5 ಮಿ.ಮೀ., ಮತ್ತೆ ಮುಂದಿನದು. ಕೆಲಸ ಮುಂದುವರಿದಂತೆ ನೆಲ ಉದ್ದವಾಗುತ್ತದೆ, ಬೆನ್ನಿಗೆ ಆಸರೆ ಹೆಚ್ಚುತ್ತದೆ. ಸುರುಳಿಯಾಗಿ ಏಳುವ ಸಿಪ್ಪೆಯ ಮೂಲಕ ಉಳಿಯ ಬಣ್ಣ ಕಾಣುವಂತಿದ್ದರೆ ದಪ್ಪ ಸರಿಯಾಗಿದೆ.

ಕಪಾಟಿನ ಹಲಗೆ ಕೂರುವ ಅಡ್ಡ ತೋಡಿನಲ್ಲಿ ಒಂದೇ ಕಡೆಯಿಂದ ಆಚೆ ತುದಿಯವರೆಗೆ ತಳ್ಳಬೇಡಿ, ಆಚೆಯ ಅಂಚು ಸಿಡಿದುಹೋಗುತ್ತದೆ. ಎರಡೂ ಕಡೆಯಿಂದ ನಡುವಿನತ್ತ ಸ್ವಲ್ಪ ಏರುವಂತೆ ಹೆರೆದು, ನಡುವೆ ದಿಬ್ಬ ಬಿಟ್ಟು, ಆಮೇಲೆ ಬೆನ್ನು ಮಲಗಿಸಿ ದಿಬ್ಬ ಇಳಿಸಿ. ಹಲಗೆ ಅಗಲವಾಗಿ, ನಡುವಿನಲ್ಲಿ ಹೆರೆಯುವಾಗ ಹಿಡಿ ಮರಕ್ಕೆ ತಾಗುವಂತಿದ್ದರೆ ಕುತ್ತಿಗೆ ಬಾಗಿದ ಪೇರಿಂಗ್ ಉಳಿ ಬೇಕಾಗುತ್ತದೆ.

ಗೆರೆಯ ಮೇಲೆ ನೆಟ್ಟಗೆ ಇಳಿಸುವಾಗ ಕೊನೆಯ ಕಡಿತ ಅರ್ಧ ಮಿ.ಮೀ.ಗಿಂತ ಹೆಚ್ಚಿರಬಾರದು. ಉಳಿ ಬೆಣೆಯ ಆಕಾರದ್ದು. ಮುಂದೆ ದಪ್ಪ ಮರ ಇದ್ದರೆ ಅದು ಬಗ್ಗುವುದಿಲ್ಲ, ಬದಲಿಗೆ ಓರೆಗೆ ಎದುರೊತ್ತಿ ಉಳಿಯನ್ನೇ ಗೆರೆಯಾಚೆ ತಳ್ಳುತ್ತದೆ. ಕೂಡಿಕೆಯಲ್ಲಿ ಸಂದು ಕಂಡಾಗ ಗೆರೆ ಹಾಕಿದ್ದೇ ತಪ್ಪು ಎನ್ನುತ್ತಾರೆ. ತಪ್ಪು ಆಗಿರುವುದು ಇಲ್ಲಿ. ಕೆಳಗೊಂದು ರದ್ದಿ ಹಲಗೆ ಇರಲಿ, ಹೆಗಲಿನ ತೂಕ ಹಿಡಿಯ ಮೇಲೆ ನೇರವಾಗಿ ಇಳಿಯಲಿ. ಅಡ್ಡ ಕೊಯ್ದ ಮುಖ ತೀರಾ ಒಣಗಿ ಗಟ್ಟಿಯಾಗಿದ್ದರೆ ಒಂದು ಹನಿ ಸ್ಪಿರಿಟ್ ಸವರಿದರೆ ನಾರು ಮೆತ್ತಗಾಗುತ್ತದೆ.

ಚಕ್ಕೆಯನ್ನು ಮೀಟಿ ಎಬ್ಬಿಸುವುದು, ತೂತಿನ ತಳ ಕೆರೆಯುವುದು, ಒಣಗಿದ ಅಂಟು ಕೀಳುವುದು: ಇವೆಲ್ಲ ಬೇರೆ ಉಳಿಯ ಕೆಲಸ. ತೆಳು ಅಲಗು ಮೀಟಿದಾಗ ಹದಗೊಂಡ ಭಾಗದಲ್ಲಿ ತಟ್ಟನೆ ಮುರಿಯುತ್ತದೆ. ಕೊಡತಿ ತಾಗಿದರೆ ಬಾಲ ಬೆಣೆಯಂತೆ ಒಳಹೊಕ್ಕು ಹಿಡಿಯನ್ನು ಸೀಳುತ್ತದೆ, ಇಲ್ಲವೇ ಅಲಗು ಗಂಟಿನ ಹತ್ತಿರ ಬಾಗುತ್ತದೆ. ಹೊಸ ಹಿಡಿ ಹಾಕುವುದಾದರೆ ಬಾಲದ ಇಳಿಜಾರಿಗೆ ತಕ್ಕಂತೆ ಎರಡು ಮೂರು ಅಳತೆಯ ಬಿಟ್‌ಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕೊರೆಯಿರಿ. ಗಂಟಿಗೆ ಇನ್ನು 5 ಮಿ.ಮೀ. ಇದೆ ಎನ್ನುವಾಗ ಉಳಿಯನ್ನು ಗಾಳಿಯಲ್ಲಿ ತೂಗುಹಾಕಿದಂತೆ ಹಿಡಿದು ಹಿಡಿಯ ತಲೆಗೆ ತಟ್ಟಿದರೆ ಅಲಗು ತನ್ನ ಭಾರಕ್ಕೇ ಒಳಸೇರುತ್ತದೆ. ಈ ಒಂದು ಸಂದರ್ಭದಲ್ಲಿ ಮಾತ್ರ ಕೊಡತಿಗೆ ಅಪ್ಪಣೆ ಉಂಟು. ಹಿಡಿ ಮತ್ತು ಬೆನ್ನು ಒಂದೇ ಸಾಲಿನಲ್ಲಿವೆಯೇ ಎಂದು ಪ್ರತಿ ಏಟಿಗೂ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ತೆಳು ಎಣ್ಣೆ ಒರೆಸಿಡಿ. ಚರ್ಮದ ಚೀಲ ನೋಡಲು ಚಂದ, ತೇವ ಹಿಡಿದುಕೊಳ್ಳುವುದರಿಂದ ತುಕ್ಕು ಬರಿಸುವುದೂ ಅದೇ.

ಕೊನೆಯದಾಗಿ ತಮ್ಮಲ್ಲಿ ಒಂದು ಕೋರಿಕೆ. ಹಳೆಯ ಸಾಮಾನುಗಳ ಬಗ್ಗೆ ಬರಹ ಪ್ರಕಟಿಸುವಾಗ ಉಳಿಗಳ ಹಿಡಿ ಮತ್ತು ಮುದ್ರೆಯ ಚಿತ್ರಗಳಷ್ಟೇ ಅಚ್ಚಾಗುತ್ತವೆ. ಇನ್ನು ಮುಂದೆ ಬೆನ್ನಿನದೊಂದು, ಪಕ್ಕದಿಂದ ಅಲಗಿನ ದಪ್ಪ ಕಾಣುವಂಥದ್ದೊಂದು ಚಿತ್ರವನ್ನೂ ಜೊತೆಗೆ ಹಾಕಿ. ಕೊಳ್ಳುವವರು ಕೇಳಿ ನೋಡಬೇಕಾದದ್ದು ಆ ಎರಡನ್ನೇ.

— ಕೈಗೆಲಸದ ಮರಗೆಲಸ ಬಲ್ಲ ಓದುಗರು